ಜಾರ್ಜ್ ನಕಾಶಿಮಾ: ಬಡಗಿಯಾದ ವಾಸ್ತುಶಿಲ್ಪಿ

ಜಾರ್ಜ್ ಕತ್ಸುತೋಶಿ ನಕಾಶಿಮಾ 1905ರ ಮೇ 24ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಪೊಕೇನ್ ನಗರದಲ್ಲಿ ಹುಟ್ಟಿದರು. ತಂದೆ ತಾಯಿ ಜಪಾನಿನಿಂದ ವಲಸೆ ಬಂದವರು. ಅಮೆರಿಕದ ವಾಯವ್ಯ ಮೂಲೆಯ ಆ ಸೀಮೆ ದಟ್ಟ ಕಾಡಿನ ನಾಡು. ಸ್ಕೌಟ್ ಹುಡುಗನಾಗಿ ಅಲ್ಲಿನ ಬೆಟ್ಟಗಳನ್ನು ಹತ್ತಿ ಇಳಿದ ನಕಾಶಿಮಾ, ಹಲಗೆಯನ್ನು ಮುಟ್ಟುವ ಎಷ್ಟೋ ವರ್ಷ ಮೊದಲೇ ನಿಂತ ಮರಗಳ ಪರಿಚಯ ಮಾಡಿಕೊಂಡಿದ್ದರು. ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಸೇರಿದಾಗ ಮೊದಲು ಆರಿಸಿಕೊಂಡದ್ದೂ ಅರಣ್ಯಶಾಸ್ತ್ರವನ್ನೇ. ಆಮೇಲೆ ವಾಸ್ತುಶಿಲ್ಪಕ್ಕೆ ಬದಲಾಯಿಸಿಕೊಂಡು 1929ರಲ್ಲಿ ಪದವಿ ಪಡೆದರು. ನಡುವೆ ಫ್ರಾನ್ಸಿನ ಫಾಂಟೆನ್‌ಬ್ಲೋದಲ್ಲಿ ಅಮೆರಿಕದ ವಿದ್ಯಾರ್ಥಿಗಳಿಗೆಂದು ನಡೆಯುತ್ತಿದ್ದ ಕಲಾಶಾಲೆಯಲ್ಲಿ ಕೆಲಕಾಲ ಕಲಿತರು. 1930ರಲ್ಲಿ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಸ್ನಾತಕೋತ್ತರ ಪದವಿಯೂ ಬಂತು. ಕೈಯಲ್ಲಿ ಇಷ್ಟೆಲ್ಲ ಓದು ಇದ್ದಾಗ ದೇಶದಲ್ಲಿ ಕೆಲಸವಿರಲಿಲ್ಲ. 1929ರ ಷೇರುಪೇಟೆ ಕುಸಿತದ ನಂತರದ ಮಹಾ ಆರ್ಥಿಕ ಮುಗ್ಗಟ್ಟು ಕಟ್ಟಡ ಕಟ್ಟುವವರನ್ನೇ ಮೊದಲು ಬೀದಿಗೆ ತಳ್ಳಿತ್ತು.

1933ರಲ್ಲಿ ಅವರು ತಮ್ಮ ಕಾರನ್ನು ಮಾರಿ, ಜಗತ್ತನ್ನು ಸುತ್ತಿ ಬರುವ ಹಡಗಿನ ಟಿಕೆಟ್ ಕೊಂಡರು. ಪ್ಯಾರಿಸ್ಸಿನಲ್ಲಿ ಸುಮಾರು ಒಂದು ವರ್ಷ ಕಳೆದು, ಉತ್ತರ ಆಫ್ರಿಕಾ ನೋಡಿಕೊಂಡು, 1934ರಲ್ಲಿ ಟೋಕಿಯೋ ತಲುಪಿದರು. ಅಲ್ಲಿ ಆಂಟೊನಿನ್ ರೇಮಂಡ್ ಎಂಬ ವಾಸ್ತುಶಿಲ್ಪಿಯ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಬೊಹೆಮಿಯಾ ಮೂಲದ ರೇಮಂಡ್, ಫ್ರಾಂಕ್ ಲಾಯ್ಡ್ ರೈಟ್ ಜೊತೆ ಇಂಪೀರಿಯಲ್ ಹೋಟೆಲಿನ ಕೆಲಸಕ್ಕೆಂದು ಜಪಾನಿಗೆ ಹೋಗಿ ಅಲ್ಲಿಯೇ ಸ್ವಂತ ಕಚೇರಿ ತೆರೆದವರು. ಯುರೋಪಿನ ಆಧುನಿಕ ಕಾಂಕ್ರೀಟ್ ಕಟ್ಟಡಗಳ ರೀತಿಯನ್ನೂ ಜಪಾನಿನ ಮರದ ಮನೆಗಳ ರೀತಿಯನ್ನೂ ಒಟ್ಟಿಗೆ ತರುವುದು ಅವರ ಪ್ರಯತ್ನವಾಗಿತ್ತು. ಮುಂದೆ ಜಪಾನಿನ ದೊಡ್ಡ ವಾಸ್ತುಶಿಲ್ಪಿಗಳಾದ ಕುನಿಯೋ ಮಾಯೆಕಾವಾ ಮತ್ತು ಜುಂಜೋ ಯೋಶಿಮುರಾ ಅದೇ ಕಚೇರಿಯಲ್ಲಿ ನಕಾಶಿಮಾ ಅವರ ಸಹೋದ್ಯೋಗಿಗಳಾಗಿದ್ದರು. ಯೋಶಿಮುರಾ ಅವರ ಸ್ನೇಹದಿಂದ ಕ್ಯೋಟೋದ ದೇವಾಲಯಗಳನ್ನೂ ಚಹಾಗೃಹಗಳನ್ನೂ ನೋಡುವ ದಾರಿ ತೆರೆಯಿತು. ಅಮೆರಿಕದಲ್ಲಿ ಹುಟ್ಟಿ ಬೆಳೆದವರಿಗೆ ಪೂರ್ವಜರ ದೇಶದ ಮರಗೆಲಸ ಕಣ್ಣಿಗೆ ಬಿದ್ದದ್ದು ಹೀಗೆ, 30ರ ಹತ್ತಿರದ ವಯಸ್ಸಿನಲ್ಲಿ. ಆದರೆ ಅದಿನ್ನೂ ನೋಟದ ಪರಿಚಯ ಮಾತ್ರ. ಉಳಿ ಹಿಡಿಯುವ ಕಾಲ ಬಂದಿರಲಿಲ್ಲ.

ಆ ಕಚೇರಿಗೆ ಪುದುಚೇರಿಯಿಂದ ಒಂದು ಕೆಲಸ ಬಂತು. ಆಗ ಫ್ರೆಂಚರ ಆಡಳಿತದಲ್ಲಿದ್ದ ಆ ಊರಿನಲ್ಲಿ ಶ್ರೀ ಅರವಿಂದರ ಆಶ್ರಮದ ಸಾಧಕರಿಗೆ ವಸತಿಗೃಹವೊಂದು ಬೇಕಾಗಿತ್ತು. ಹೈದರಾಬಾದ್ ಸಂಸ್ಥಾನದ ದಿವಾನರಾಗಿದ್ದ ಸರ್ ಅಕ್ಬರ್ ಹೈದರಿ ಅವರ ಮೂಲಕ ಹಣ ಒದಗಿದ ಕಾರಣ ಅಲ್ಲಿನ ಗೋಲ್ಕೊಂಡದ ಹೆಸರೇ ಕಟ್ಟಡಕ್ಕೆ ಬಂತು. ವಿನ್ಯಾಸದ ಹೊಣೆ ರೇಮಂಡ್ ಅವರದು. ಸ್ಥಳದಲ್ಲಿ ನಿಂತು ಕಟ್ಟಿಸುವ ಕೆಲಸಕ್ಕೆ 1937ರಲ್ಲಿ ನಕಾಶಿಮಾ ಪುದುಚೇರಿಗೆ ಬಂದರು; ಫ್ರಾಂಟಿಶೆಕ್ ಸಾಮೆರ್ ಎಂಬ ಚೆಕ್ ವಾಸ್ತುಶಿಲ್ಪಿಯೂ ಜೊತೆಗೂಡಿದರು. ಕಬ್ಬಿಣ ಹಾಕಿದ ಕಾಂಕ್ರೀಟಿನಲ್ಲಿ ಎದ್ದ ಭಾರತದ ಮೊದಮೊದಲ ಆಧುನಿಕ ಕಟ್ಟಡಗಳಲ್ಲಿ ಇದೊಂದು. ಚಂಡೀಗಡ ನಗರವನ್ನು ಕಟ್ಟಿದ ಕೆಲಸಕ್ಕಿಂತ ಇದು ಹತ್ತು ವರ್ಷಕ್ಕೂ ಹಿಂದಿನದು.

ಗೋಲ್ಕೊಂಡದ ಒಳಗು ಹೊರಗುಗಳ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಕಾಶಿಮಾ ಅವರ ಮುಂದಿನ ಕೆಲಸದ ಬೇರು ಇಲ್ಲಿದೆ. ಪುದುಚೇರಿಯ ಸೆಕೆಗೆ ತಕ್ಕಂತೆ ಕಟ್ಟಡದ ಉತ್ತರ ದಕ್ಷಿಣದ ಮುಖಗಳಲ್ಲಿ ಗೋಡೆಯೇ ಇಲ್ಲ. ನೆಲದಿಂದ ಸೂರಿನವರೆಗೆ ತಿರುಗಿಸಬಲ್ಲ ಅಡ್ಡ ಪಟ್ಟಿಗಳಿವೆ. ಅವನ್ನು ತೆರೆದರೆ ಗಾಳಿ, ಮುಚ್ಚಿದರೆ ನೆರಳು. ಅವುಗಳ ಹಿಂದೆ ಕೋಣೆಗೂ ಓಣಿಗೂ ನಡುವೆ ಜಾರುವ ತೇಗದ ಬಾಗಿಲುಗಳು. ಬಾಗಿಲು ಮುಚ್ಚಿದರೂ ಗಾಳಿ ಆಡುವಂತೆ ಅವುಗಳಲ್ಲೂ ಪಟ್ಟಿಗಳ ಸಂದು. ನೆಲಕ್ಕೆ ಕಡಪದ ಕಪ್ಪು ಕಲ್ಲು. ಗೋಡೆಗೆ ಚಿಪ್ಪಿನ ಸುಣ್ಣದ, ನುಣುಪಾಗಿ ಉಜ್ಜಿದ ಗಾರೆ. ಬಾಗಿಲು ಪಟ್ಟಿಗಳ ಹಿತ್ತಾಳೆಯ ಹಿಡಿಕೆ ಚಿಲಕಗಳನ್ನು ಭಕ್ತರು ಕೊಟ್ಟ ಪಾತ್ರೆಗಳನ್ನು ಕರಗಿಸಿ ಅಲ್ಲಿಯೇ ಎರಕ ಹೊಯ್ದರು. ಕೋಣೆಗಳ ಮಂಚ, ಮೇಜು, ಕುರ್ಚಿಗಳನ್ನು ತೇಗದಲ್ಲಿ ಮಾಡಿಸಿದರು. ಪೀಠೋಪಕರಣಗಳ ವಿನ್ಯಾಸಕ್ಕೆ ನಕಾಶಿಮಾ ಕೈ ಹಾಕಿದ್ದು ಇಲ್ಲಿಂದ ಶುರು.

ಕಟ್ಟಿದವರಲ್ಲಿ ಕೂಲಿಯಾಳುಗಳ ಜೊತೆ ಆಶ್ರಮವಾಸಿಗಳೂ ಇದ್ದರು. ಗುತ್ತಿಗೆದಾರನ ಅವಸರವಾಗಲಿ, ಇಂತಿಷ್ಟು ದಿನದಲ್ಲಿ ಮುಗಿಯಲೇಬೇಕೆಂಬ ಒತ್ತಾಯವಾಗಲಿ ಇರಲಿಲ್ಲ. ಸರಿ ಬಾರದ ಭಾಗವನ್ನು ಮತ್ತೆ ಮಾಡಬಹುದಿತ್ತು. ಟೋಕಿಯೋ ಕಚೇರಿಯ ಸಂಬಳಗಾರನಾಗಿ ಬಂದ ನಕಾಶಿಮಾ ಕ್ರಮೇಣ ಆಶ್ರಮದವರೇ ಆದರು, ಸಂಬಳ ಬಿಟ್ಟರು. ಅರವಿಂದರು ಅವರಿಗೆ ಸುಂದರಾನಂದ ಎಂಬ ಹೆಸರಿಟ್ಟರು. ದುಡಿಮೆ ಬೇರೆ, ಸಾಧನೆ ಬೇರೆ ಎಂದು ಎಣಿಸದ ಆ ಬದುಕು ಅವರಲ್ಲಿ ಕೊನೆಯವರೆಗೂ ಉಳಿಯಿತು. ಅವರ ಕುರಿತ ಬರಹಗಳು ಸಾಮಾನ್ಯವಾಗಿ ಜಪಾನಿನ ಪ್ರಭಾವವನ್ನೇ ಮುಂದೆ ಮಾಡುತ್ತವೆ. ಜಪಾನ್ ಅವರಿಗೆ ರೂಪ ತೋರಿಸಿತು, ಮುಂದೆ ಕೈಗೆ ಹತಾರವನ್ನೂ ಕೊಟ್ಟಿತು. ಆದರೆ ಒಂದು ಕಸುಬನ್ನು ಯಾಕೆ ಮಾಡಬೇಕು, ಯಾವ ಗತಿಯಲ್ಲಿ ಮಾಡಬೇಕು ಎಂಬುದನ್ನು ಅವರು ಕಂಡುಕೊಂಡದ್ದು ಪುದುಚೇರಿಯಲ್ಲಿ. ಯುದ್ಧದ ಮೋಡ ಕವಿಯುತ್ತಿದ್ದಂತೆ 1939ರಲ್ಲಿ ಅವರು ಹೊರಟರು. ಕಟ್ಟಡ ಪೂರ್ಣವಾದದ್ದು ಅವರು ಹೋದ ಮೇಲೆ, 1940ರ ದಶಕದಲ್ಲಿ. ಅದು ಇಂದಿಗೂ ಸಾಧಕರ ವಸತಿಯಾಗಿಯೇ ಬಳಕೆಯಲ್ಲಿದೆ.

ಚೀನಾ, ಜಪಾನ್‌ಗಳ ಮೂಲಕ ಅವರು 1940ರಲ್ಲಿ ಅಮೆರಿಕಕ್ಕೆ ಮರಳಿದರು. ಟೋಕಿಯೋದಲ್ಲಿ ಪರಿಚಯವಾಗಿದ್ದ, ತಮ್ಮಂತೆಯೇ ಅಮೆರಿಕದಲ್ಲಿ ಹುಟ್ಟಿದ ಮೇರಿಯನ್ ಒಕಾಜಿಮಾ ಅವರನ್ನು 1941ರಲ್ಲಿ ಮದುವೆಯಾದರು. ಪಶ್ಚಿಮ ಕರಾವಳಿಯಲ್ಲಿ ಏಳುತ್ತಿದ್ದ ಹೊಸ ಕಟ್ಟಡಗಳನ್ನು, ಕೆಲವು ಹೆಸರಾಂತ ವಾಸ್ತುಶಿಲ್ಪಿಗಳ ಕೆಲಸವನ್ನೂ ಸೇರಿಸಿ, ನೋಡಿದಾಗ ಅವರಿಗೆ ಬೇಸರವಾಯಿತು. ನಕ್ಷೆ ಬರೆಯುವವರು ಒಬ್ಬರು, ಕಟ್ಟುವವರು ಇನ್ನೊಬ್ಬರು. ಜೋಡಣೆಗಳಲ್ಲಿ ನಾಜೂಕಿಲ್ಲ, ವಸ್ತುವಿನ ಮೇಲೆ ಅಕ್ಕರೆಯಿಲ್ಲ. ಮೊದಲಿಂದ ಕೊನೆಯವರೆಗೆ ಒಬ್ಬನೇ ಹೊಣೆ ಹೊರಬಹುದಾದಷ್ಟು ಚಿಕ್ಕ ಕೆಲಸ ಬೇಕೆನಿಸಿತು. ಅಂಥದ್ದು ಅವರಿಗೆ ಕಂಡದ್ದು ಪೀಠೋಪಕರಣದಲ್ಲಿ. ಸಿಯಾಟಲ್ ನಗರದಲ್ಲಿ ಮೇರಿನೋಲ್ ಪಂಥದ ಪಾದ್ರಿಯೊಬ್ಬರು ಹುಡುಗರ ಕ್ಲಬ್ಬಿನ ನೆಲಮಾಳಿಗೆಯಲ್ಲಿ ಜಾಗ ಕೊಟ್ಟರು. ಬಾಡಿಗೆಯ ಬದಲು ನಕಾಶಿಮಾ ಅಲ್ಲಿನ ಹುಡುಗರಿಗೆ ಮರಗೆಲಸ ಕಲಿಸಬೇಕಿತ್ತು. ಸ್ನಾತಕ, ಸ್ನಾತಕೋತ್ತರ ಎರಡೂ ಪದವಿಗಳಿದ್ದ ವಾಸ್ತುಶಿಲ್ಪಿ 35 ದಾಟಿದ ವಯಸ್ಸಿನಲ್ಲಿ ಬಡಗಿಯಾಗಿ ಅಂಗಡಿ ತೆರೆದರು.

ಅಂಗಡಿ ನಿಲ್ಲುವ ಮೊದಲೇ ಮುಚ್ಚಬೇಕಾಯಿತು. 1941ರ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ ಮಾಡಿತು. 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ 9066ನೇ ಸಂಖ್ಯೆಯ ಆದೇಶಕ್ಕೆ ಸಹಿ ಹಾಕಿದರು. ಅದರ ಬಲದಿಂದ ಪಶ್ಚಿಮ ಕರಾವಳಿಯಲ್ಲಿದ್ದ ಜಪಾನಿ ಮೂಲದ ಸುಮಾರು 1,20,000 ಜನರನ್ನು, ಅವರಲ್ಲಿ ಬಹುಪಾಲು ಮಂದಿ ಅಮೆರಿಕದ ಪ್ರಜೆಗಳೇ ಆಗಿದ್ದರೂ, ಮನೆ ಅಂಗಡಿ ಬಿಡಿಸಿ ಒಳನಾಡಿನ ಶಿಬಿರಗಳಿಗೆ ಸಾಗಿಸಲಾಯಿತು. ಅದೇ ವರ್ಷ ಹುಟ್ಟಿದ ಹಸುಗೂಸು ಮಗಳು ಮೀರಾ ಜೊತೆ ನಕಾಶಿಮಾ ದಂಪತಿ ಐಡಾಹೋದ ಮಿನಿಡೋಕಾ ಶಿಬಿರ ಸೇರಿದರು. ಬಯಲುಸೀಮೆಯ ದೂಳು, ಟಾರು ಕಾಗದ ಹೊದಿಸಿದ ಹಲಗೆಯ ಬ್ಯಾರಕ್ಕುಗಳು, ಸುತ್ತ ಮುಳ್ಳುತಂತಿ.

ಶಿಬಿರದಲ್ಲಿ ಗೆಂಟಾರೊ ಹಿಕೊಗಾವಾ ಎಂಬ ಬಡಗಿ ಇದ್ದರು. ಅವರು ಜಪಾನಿನಲ್ಲೇ ಸಂಪ್ರದಾಯದ ಗುರುಕುಲದಂಥ ಪದ್ಧತಿಯಲ್ಲಿ ಕಸುಬು ಕಲಿತು ಬಂದವರು. ವಾಸಕ್ಕೆ ಯೋಗ್ಯವಲ್ಲದ ಬ್ಯಾರಕ್ಕುಗಳನ್ನು ಸ್ವಲ್ಪವಾದರೂ ಮನೆಯಂತೆ ಮಾಡುವ ಕೆಲಸ ಇಬ್ಬರನ್ನೂ ಜೊತೆ ಸೇರಿಸಿತು. ಜಪಾನಿ ಗರಗಸವನ್ನೂ ಕೀಸುಳಿಯನ್ನೂ ಮೈಯತ್ತ ಎಳೆದು ಕೆಲಸ ಮಾಡಬೇಕು. ಮುಂದಕ್ಕೆ ತಳ್ಳುವ ಪಾಶ್ಚಾತ್ಯ ಹತಾರಗಳಿಗಿಂತ ಅಲಗು ತೆಳುವಾಗಿರುತ್ತದೆ, ಕೊಯ್ತ ಸಣ್ಣದಾಗಿರುತ್ತದೆ. ಉಳಿ ಮಸೆಯುವುದು, ಒಂದು ತುಂಡಿನಲ್ಲಿ ಕುಳಿ ತೋಡಿ ಇನ್ನೊಂದರ ತುದಿಯನ್ನು ಅದರಲ್ಲಿ ಬಿಗಿಯಾಗಿ ಕೂರುವಂತೆ ಕೆತ್ತುವುದು, ಮೊಳೆಯಿಲ್ಲದೆ ಜೋಡಿಸುವುದು ಇವನ್ನೆಲ್ಲ ನಕಾಶಿಮಾ ಹಿಕೊಗಾವಾ ಅವರ ಪಕ್ಕದಲ್ಲಿ ಕುಳಿತು ಕಲಿತರು. ಮರ ಎಂದರೆ ಬ್ಯಾರಕ್ಕು ಕಟ್ಟಿ ಉಳಿದ ತುಂಡುಗಳು, ಪೆಟ್ಟಿಗೆಯ ಹಲಗೆಗಳು, ಬಯಲಿನಲ್ಲಿ ಸಿಗುತ್ತಿದ್ದ ಕಹಿ ಪೊದೆಯ ಗಂಟುಗಂಟಾದ ಕಾಂಡಗಳು. ಸೊಟ್ಟ ಕಾಂಡವನ್ನು ಸೊಟ್ಟದಾಗಿಯೇ ಇಟ್ಟುಕೊಂಡು ಬಳಸುವ ಅಭ್ಯಾಸ ಅಲ್ಲಿ ಬೆಳೆಯಿತು.

ಈ ಕಲಿಕೆಯನ್ನು ಶಿಬಿರದ ಕೊಡುಗೆ ಎಂದು ಹೇಳುವ ರೂಢಿಯಿದೆ. ಅದು ಸರಿಯಲ್ಲ. ಕಲಿಸಿದವರು ಹಿಕೊಗಾವಾ, ಕಲಿತವರು ನಕಾಶಿಮಾ. ಸರ್ಕಾರ ಮಾಡಿದ್ದು ಇಬ್ಬರನ್ನೂ ತಪ್ಪಿಲ್ಲದೆ ಕೂಡಿಹಾಕಿದ್ದು. ಆ ಅನ್ಯಾಯವನ್ನು ಅಮೆರಿಕದ ಸರ್ಕಾರ ಕಾನೂನಿನ ಮೂಲಕ ಒಪ್ಪಿ ಕ್ಷಮೆ ಕೇಳಿದ್ದು 1988ರಲ್ಲಿ, ಬದುಕಿದ್ದವರಿಗೆ ತಲಾ 20,000 ಡಾಲರ್ ಪರಿಹಾರದೊಂದಿಗೆ.

ಹೊರಗೆ ಕೆಲಸ ಕೊಡುವ ಹೊಣೆಗಾರರಿದ್ದರೆ ಶಿಬಿರದಿಂದ ಬಿಡುಗಡೆ ಸಾಧ್ಯವಿತ್ತು, ಆದರೆ ಪಶ್ಚಿಮ ಕರಾವಳಿಗೆ ಮರಳುವಂತಿರಲಿಲ್ಲ. ಟೋಕಿಯೋದ ಹಳೆಯ ಧಣಿ ರೇಮಂಡ್ ಆಗ ಪೂರ್ವದ ಪೆನ್ಸಿಲ್ವೇನಿಯಾದ ನ್ಯೂ ಹೋಪ್ ಎಂಬ ಊರಿನ ಬಳಿ ಹೊಲ ಮನೆ ಮಾಡಿಕೊಂಡಿದ್ದರು. ಅವರ ಜಾಮೀನಿನ ಮೇಲೆ 1943ರಲ್ಲಿ ನಕಾಶಿಮಾ ಕುಟುಂಬ ಅಲ್ಲಿಗೆ ಬಂತು. ರೇಮಂಡ್ ಹೊಲದಲ್ಲಿ ಕೋಳಿ ಸಾಕುವುದು ಅವರ ಕೆಲಸ. ಬಿಡುವಿನಲ್ಲಿ ಮರಗೆಲಸ. ಸ್ವಲ್ಪ ಕಾಲದ ನಂತರ ಹತ್ತಿರದ ಅಕ್ವೆಟಾಂಗ್ ರಸ್ತೆಯಲ್ಲಿ ಒಂದು ಚಿಕ್ಕ ಮನೆ ಹಿಡಿದು ಸ್ವಂತ ಕೆಲಸ ಆರಂಭಿಸಿದರು. ಅದೇ ರಸ್ತೆಯಲ್ಲಿ 3 ಎಕರೆ ಕಾಡು ಇಳಿಜಾರು ಸಿಕ್ಕಿತು. ಹಣವಿಲ್ಲದ ಕಾರಣ ಬೆಲೆಯನ್ನು ಬಡಗಿ ಕೆಲಸದ ದುಡಿಮೆಯಿಂದ ತೀರಿಸುವ ಒಪ್ಪಂದವಾಯಿತು. ಕುಟುಂಬ ಸೈನ್ಯದ ಹಳೆಯ ಡೇರೆಯಲ್ಲಿ ವಾಸ ಮಾಡಿತು. ಮೊದಲು ಎದ್ದದ್ದು ಕಾರ್ಯಶಾಲೆ, ನಂತರ ಮನೆ. ಕಲ್ಲು ಅದೇ ನೆಲದ್ದು, ಮರಗೆಲಸ ತಮ್ಮದೇ.

ಆರಂಭದ ವರ್ಷಗಳಲ್ಲಿ ಒಳ್ಳೆಯ ಮರ ಕೊಳ್ಳುವ ಶಕ್ತಿ ಇರಲಿಲ್ಲ. ಅಮೆರಿಕದ ಮರದ ವ್ಯಾಪಾರಿಗಳಿಗೆ ಬೇಕಾದದ್ದು ಗಂಟಿಲ್ಲದ, ಬಿರುಕಿಲ್ಲದ, ನೇರ ಎಳೆಯ ಹಲಗೆ. ಅಂಥ ಮರವನ್ನು ಕಾಗದದಷ್ಟು ತೆಳುವಾಗಿ ಸುಲಿದು ಅಗ್ಗದ ಹಲಗೆಯ ಮೇಲೆ ಅಂಟಿಸುವ ಉದ್ಯಮಕ್ಕೆ ಒಳ್ಳೆಯ ಬೆಲೆ. ಕೊಂಬೆ ಕವಲೊಡೆದ ಜಾಗ, ಹುಳು ಕೊರೆದ ಭಾಗ, ತೊಗಟೆಯಂಚಿನ ಡೊಂಕು ಹೊರತುಂಡುಗಳು ಕಸಕ್ಕೆ ಹೋಗುತ್ತಿದ್ದವು. ನಕಾಶಿಮಾ ಅವನ್ನು ಎತ್ತಿಕೊಂಡರು. ಮರದ ಹೊರ ಅಂಚನ್ನು ನೇರಕ್ಕೆ ಕತ್ತರಿಸದೆ ಇದ್ದಂತೆಯೇ ಉಳಿಸುವ, ಮುಂದೆ ಅವರ ಗುರುತೇ ಆದ ರೀತಿ ಹುಟ್ಟಿದ್ದರಲ್ಲಿ ಈ ಬಡತನಕ್ಕೂ ಪಾಲಿದೆ. ಅದರ ಹಿಂದಿನ ನೋಟ ಮಿನಿಡೋಕಾದಲ್ಲಿ ಆಗಲೇ ತಯಾರಾಗಿತ್ತು. ಹಣ ಬಂದ ಮೇಲೂ, ಜಗತ್ತಿನ ಅತಿ ಬೆಲೆಯ ದಿಮ್ಮಿಗಳನ್ನು ಕೊಳ್ಳುವಂತಾದ ಮೇಲೂ, ಅವರು ಅಂಚನ್ನು ಕೊಯ್ಯಲಿಲ್ಲ.

ಅವರ ಕೆಲಸದ ನಿರ್ಣಾಯಕ ಘಟ್ಟ ಕಾರ್ಯಶಾಲೆಯಲ್ಲಿ ನಡೆಯುತ್ತಿರಲಿಲ್ಲ, ದಿಮ್ಮಿ ಕೊಯ್ಯುವ ಮಿಲ್ಲಿನಲ್ಲಿ ನಡೆಯುತ್ತಿತ್ತು. ಉರುಳಿದ ಮರವೊಂದನ್ನು ಹೇಗೆ ಮಲಗಿಸಿ, ಯಾವ ಮುಖದಿಂದ, ಎಷ್ಟು ದಪ್ಪಕ್ಕೆ ಸೀಳಬೇಕೆಂಬುದನ್ನು ಹೊರಗಿನಿಂದ ನೋಡಿಯೇ ತೀರ್ಮಾನಿಸಬೇಕು. ತೊಗಟೆಯ ಉಬ್ಬು ತಗ್ಗು, ಕೊಂಬೆ ಮುರಿದು ಮುಚ್ಚಿಕೊಂಡ ಗುರುತು, ತುದಿಯಲ್ಲಿ ಕಾಣುವ ವರ್ಷದ ಬಳೆಗಳು, ಇವಷ್ಟೇ ಸುಳಿವು. ಗರಗಸ ಒಮ್ಮೆ ಹಾದುಹೋದ ಮೇಲೆ ತಿದ್ದುವಂತಿಲ್ಲ. ಕವಲಿನ ನಡುವೆ ಸರಿಯಾಗಿ ಕೊಯ್ದರೆ ಎಳೆಗಳು ಗರಿಯ ಹಾಗೆ ಎರಡೂ ಕಡೆ ಬಿಚ್ಚಿಕೊಳ್ಳುತ್ತವೆ. ಒಂದೆರಡು ಅಂಗುಲ ತಪ್ಪಿದರೆ ಅದೇ ಮರದಿಂದ ಸಾಧಾರಣ ಹಲಗೆ ಬರುತ್ತದೆ. ಒಳಗೆ ಹಳೆಯ ಮೊಳೆ, ಕಲ್ಲು ಸಿಕ್ಕಿ ಅಲಗು ಹಾಳಾಗುವುದೂ ಉಂಟು. ದುಬಾರಿ ಕೊಟ್ಟು ತಂದ ದಿಮ್ಮಿಯ ಒಳಗು ಕೊಳೆತಿರುವುದೂ ಉಂಟು. ಈ ಕೆಲಸವನ್ನು ನಕಾಶಿಮಾ ಇನ್ನೊಬ್ಬರಿಗೆ ಬಿಡದೆ ತಾವೇ ಮಿಲ್ಲಿನಲ್ಲಿ ನಿಂತು ಮಾಡಿಸುತ್ತಿದ್ದರು. ಕಾಡಿನ ಓದು, ವಾಸ್ತುಶಿಲ್ಪದ ಲೆಕ್ಕ, ಬಡಗಿಯ ಕೈ ಮೂರೂ ಒಟ್ಟಾಗಬೇಕಾದ ಜಾಗ ಇದು. ಮುಂದಿನ ವಿನ್ಯಾಸದ ಅರ್ಧ ಇಲ್ಲಿಯೇ ತೀರ್ಮಾನವಾಗಿಬಿಡುತ್ತಿತ್ತು.

ಸೀಳಿದ ಹಲಗೆಗಳನ್ನು ಬೆರಕೆ ಮಾಡುತ್ತಿರಲಿಲ್ಲ. ಒಂದು ದಿಮ್ಮಿಯ ಹಲಗೆಗಳೆಲ್ಲ ಕೊಯ್ದ ಅನುಕ್ರಮದಲ್ಲಿಯೇ, ನಡುವೆ ತೆಳು ಪಟ್ಟಿಗಳನ್ನಿಟ್ಟು, ಮತ್ತೆ ದಿಮ್ಮಿಯ ಆಕಾರದಲ್ಲೇ ಪೇರಿಸಿಟ್ಟಿರುತ್ತಿದ್ದವು. ಒಂದು ಅಂಗುಲ ದಪ್ಪಕ್ಕೆ ಒಂದು ವರ್ಷ ಎಂಬುದು ಗಾಳಿಯಲ್ಲಿ ಮರ ಒಣಗಿಸುವವರ ಹಳೆಯ ಲೆಕ್ಕ. ಬಯಲಿನ ಗಾಳಿಯಲ್ಲಿ ಒಣಗಿದ ಮೇಲೆ ಬಿಸಿಗೂಡಿನಲ್ಲಿಟ್ಟು ಉಳಿದ ತೇವ ತೆಗೆಯಬೇಕು. ಅನುಕ್ರಮ ಕಾಪಾಡಿದ್ದರ ಲಾಭ ಆಮೇಲೆ ಸಿಗುತ್ತಿತ್ತು. ಅಕ್ಕಪಕ್ಕದ ಎರಡು ಹಲಗೆಗಳನ್ನು ಪುಸ್ತಕದ ಪುಟದಂತೆ ಬಿಡಿಸಿಟ್ಟರೆ ಎಳೆಯ ವಿನ್ಯಾಸ ಎಡಬಲಗಳಲ್ಲಿ ಕನ್ನಡಿಯ ಬಿಂಬದಂತೆ ಕೂಡುತ್ತದೆ. ಅವರ ದೊಡ್ಡ ಊಟದ ಮೇಜುಗಳ ಮೇಲ್ಮೈ ಬಹಳಷ್ಟು ಹೀಗೆ ಆದದ್ದು. ಹೆಚ್ಚು ಬಳಸಿದ್ದು ಅಮೆರಿಕದ ಕಪ್ಪು ಅಕ್ರೋಟು ಮರ. ಅದರ ಜೊತೆ ಚೆರ್ರಿ, ಇಂಗ್ಲಿಷ್ ಓಕ್, ಪರ್ಷಿಯದ ಅಕ್ರೋಟು, ಭಾರತದ ಬೀಟೆ. ಪಶ್ಚಿಮಘಟ್ಟದ ಈ ಬೀಟೆಯೇ ಮೈಸೂರಿನ ಕೆತ್ತುಹಾಸಿನ (ಇನ್‌ಲೇ) ಕುಶಲಿಗರ ಮೂಲದ್ರವ್ಯ ಎಂಬುದನ್ನು ಕನ್ನಡದ ಓದುಗರಿಗೆ ಬೇರೆ ಹೇಳಬೇಕಾಗಿಲ್ಲ.

ಕಡಿದ ಮರವೂ ಅಲುಗಾಡುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದಾಗ ಹಲಗೆ ಅಗಲದಲ್ಲಿ ಹಿಗ್ಗುತ್ತದೆ, ಒಣಹವೆಯಲ್ಲಿ ಕುಗ್ಗುತ್ತದೆ. ಉದ್ದದಲ್ಲಿ ಬದಲಾವಣೆ ತೀರಾ ಕಡಿಮೆ. ಅಗಲದ ಹಲಗೆ ಬಳಸುವ ಬಡಗಿಗೆ ಇದೇ ದೊಡ್ಡ ತೊಡಕು. ತುದಿಯಲ್ಲಿ ಬಿಟ್ಟ ಬಿರುಕು ಮುಂದಕ್ಕೆ ಓಡಬಹುದು. ನಕಾಶಿಮಾ ಅದನ್ನು ತಡೆಯಲು ಬಿರುಕಿಗೆ ಅಡ್ಡಲಾಗಿ ಡಮರುಗದ ಆಕಾರದ ಗಟ್ಟಿ ಮರದ ತುಂಡನ್ನು ಇಳಿಸುತ್ತಿದ್ದರು. ಅಮೆರಿಕದವರು ಅದಕ್ಕೆ ಚಿಟ್ಟೆ ಎನ್ನುತ್ತಾರೆ. ಎರಡೂ ತುದಿ ಅಗಲ, ನಡು ಸಣ್ಣ ಇರುವುದರಿಂದ ಬಿರುಕಿನ ಎರಡು ದಂಡೆಗಳು ದೂರ ಸರಿಯಲಾರವು. ಎರಡು ಹಲಗೆಗಳನ್ನು ಕೂಡಿಸುವುದಕ್ಕೂ ಅದೇ. ಇದು ಅವರ ಹೊಸ ಶೋಧವಲ್ಲ, ಹಲವು ದೇಶಗಳ ಹಳೆಯ ಕೆಲಸಗಳಲ್ಲಿರುವ ಉಪಾಯ. ಹಿಂದಿನವರು ಸಾಮಾನ್ಯವಾಗಿ ಹಿಂಬದಿಯಲ್ಲಿ ಮರೆಸುತ್ತಿದ್ದುದನ್ನು ಅವರು ಮೇಜಿನ ಮುಖದ ಮೇಲೆ, ಹಲವು ಸಲ ಬೀಟೆಯ ಕಡುಬಣ್ಣದಲ್ಲಿ, ಎದ್ದು ಕಾಣುವಂತೆ ಇಟ್ಟರು. ಬಿರುಕು ಮುಚ್ಚಿಡಬೇಕಾದ ಕೊರತೆಯಾಗದೆ ವಿನ್ಯಾಸದ ಭಾಗವಾಯಿತು. ಈ ಒಂದು ತೀರ್ಮಾನದ ಧೈರ್ಯವನ್ನು ಇಂದು ಅಂದಾಜು ಮಾಡುವುದು ಕಷ್ಟ. ಲೋಹದ ಕೊಳವೆ, ಪ್ಲಾಸ್ಟಿಕ್, ಅಚ್ಚಿನ ಪ್ಲೈವುಡ್‌ಗಳ ನಯವಾದ ಮೈಯೇ ಆಧುನಿಕತೆ ಎಂದು ಅಮೆರಿಕ ನಂಬಿದ್ದ ವರ್ಷಗಳವು.

ಯಂತ್ರದ ಬಗ್ಗೆ ಅವರಿಗೆ ಮಡಿಯಿರಲಿಲ್ಲ. ಒರಟು ಕೆಲಸಕ್ಕೆ ವಿದ್ಯುತ್ ಗರಗಸ, ಯಂತ್ರದ ಕೀಸುಳಿ. ಜೋಡಣೆ, ಅಂಚು, ಕೊನೆಯ ಮೈಗೆ ಕೈ. ಎಣ್ಣೆಯನ್ನು ಮತ್ತೆ ಮತ್ತೆ ಹಚ್ಚಿ ಉಜ್ಜಿ ಹೊಳಪು ತರುತ್ತಿದ್ದರು. ಗಿರಾಕಿ ಬಂದರೆ ಹಲಗೆಗಳ ರಾಶಿಯ ಮುಂದೆ ನಿಲ್ಲಿಸಿ ಮಾತಾಡುತ್ತಿದ್ದರು. ಯಾವ ಹಲಗೆ ಯಾರ ಮನೆಗೆಂದು ನಿಷ್ಕರ್ಷೆಯಾದ ಮೇಲೆ ಅದರ ಮೇಲೆಯೇ ಗುರುತು ಹಾಕಿ, ಚಿಕ್ಕದೊಂದು ಚಿತ್ರ ಬರೆದು ಕೆಲಸಗಾರರಿಗೆ ಕೊಡುತ್ತಿದ್ದರು. ಎಷ್ಟೋ ವರ್ಷ ಮೇಜಿನ ಅಡಿಯಲ್ಲಿ ಅವರ ಹೆಸರಿರುತ್ತಿರಲಿಲ್ಲ, ಗಿರಾಕಿಯ ಹೆಸರನ್ನು ಬರೆಯುತ್ತಿದ್ದರು. ತಮ್ಮನ್ನು ಕಲಾವಿದ ಎಂದು ಕರೆದುಕೊಳ್ಳದೆ ಮರಗೆಲಸದವನು ಎಂದೇ ಹೇಳಿಕೊಂಡರು. ಕಾರ್ಯಶಾಲೆಯಲ್ಲಿ ನುರಿತ ಬಡಗಿಗಳ ಒಂದು ಸಣ್ಣ ತಂಡವಿತ್ತು. ವಸ್ತುಸಂಗ್ರಹಾಲಯಗಳ ಫಲಕದಲ್ಲಿ ಒಬ್ಬರ ಹೆಸರು ಮಾತ್ರ ಇರುವುದರಿಂದ ಈ ಕೈಗಳು ಮರೆತುಹೋಗುತ್ತವೆ.

ಅವರ ಕುರ್ಚಿಗಳಲ್ಲಿ ವಾಸ್ತುಶಿಲ್ಪಿ ಹೆಚ್ಚು ಕಾಣುತ್ತಾರೆ. 1940ರ ದಶಕದಲ್ಲಿ ನಾಲ್ ಕಂಪನಿಗಾಗಿ ಮಾಡಿದ ನೇರ ಬೆನ್ನಿನ ಕುರ್ಚಿಗೆ ಆಧಾರ ಇಂಗ್ಲೆಂಡ್ ಮತ್ತು ಅಮೆರಿಕದ ಹಳ್ಳಿಗಳ ವಿಂಡ್ಸರ್ ಕುರ್ಚಿ; ಕೂರುವ ದಪ್ಪ ಹಲಗೆಯಲ್ಲಿ ತೂತು ಕೊರೆದು ನಿಲ್ಲಿಸಿದ ಹಿಕರಿ ಮರದ ಸಣ್ಣ ಕಡ್ಡಿಗಳೇ ಬೆನ್ನು. 1960ರ ಸುಮಾರಿನ ಕೊನಾಯ್ಡ್ ಕುರ್ಚಿ ಇನ್ನೂ ದಿಟ್ಟದ್ದು. ಇದಕ್ಕೆ ಕಾಲುಗಳು ಎರಡೇ, ನೆಲದ ಮೇಲೆ ಚಾಚಿದ ಎರಡು ಅಡ್ಡ ಪಾದಗಳ ಮೇಲೆ ನಿಂತವು. ಕೂರುವ ಹಲಗೆ ಮುಂದೆ ಯಾವ ಆಸರೆಯೂ ಇಲ್ಲದೆ ಚಾಚಿಕೊಂಡಿದೆ. ಕಾಂಕ್ರೀಟಿನ ಸಜ್ಜಾ ಹೇಗೆ ನಿಲ್ಲುತ್ತದೆಂದು ಬಲ್ಲವರಿಗೆ ಮಾತ್ರ ಮರದಲ್ಲಿ ಹೀಗೆ ಮಾಡಲು ತೋಚೀತು. ಮುಂದಕ್ಕೆ ಮುಗ್ಗರಿಸೀತೆಂದು ಕಂಡವರು ಹೇಳಿದರು. ಪೂರ್ತಿ ಭಾರ ಹೊರುವ ಜೋಡಣೆಯ ಮೇಲೆ ಭರವಸೆಯಿದ್ದ ನಕಾಶಿಮಾ ಬದಲಿಸಲಿಲ್ಲ. ಆ ಕುರ್ಚಿ ಇಂದಿಗೂ ತಯಾರಾಗುತ್ತಿದೆ. ಒಂಟಿ ತುಂಡುಗಳ ಜೊತೆ ಹೀಗೆ ಕಂಪನಿಗಳಿಗೂ ವಿನ್ಯಾಸ ಕೊಟ್ಟದ್ದು, ಮಿಚಿಗನ್ನಿನ ವಿಡಿಕಾಂಬ್ ಕಂಪನಿಗೆ 1950ರ ದಶಕದ ಕೊನೆಗೆ ಮಾಡಿಕೊಟ್ಟ ಸಾಲು ಸೇರಿ, ಕಾರ್ಯಶಾಲೆಯ ಖರ್ಚಿಗೆ ನೆರವಾಯಿತು.

ಕೊನಾಯ್ಡ್ ಎಂಬ ಹೆಸರು ಬಂದದ್ದು ಕಟ್ಟಡದಿಂದ. ನ್ಯೂ ಹೋಪ್‌ನ ಆ 3 ಎಕರೆ ಕ್ರಮೇಣ ಸುಮಾರು 9 ಎಕರೆಯಾಯಿತು. ಅದರಲ್ಲಿ ಹನ್ನೆರಡಕ್ಕೂ ಹೆಚ್ಚು ಕಟ್ಟಡಗಳನ್ನು ನಕಾಶಿಮಾ ತಾವೇ ವಿನ್ಯಾಸ ಮಾಡಿ ಕಟ್ಟಿದರು. ವಾಸ್ತುಶಿಲ್ಪ ಬಿಟ್ಟೆನೆಂದವರು ಅದನ್ನು ತಮ್ಮ ಹಿತ್ತಲಿನಲ್ಲಿ ಮುಂದುವರಿಸಿದರು ಎನ್ನಬೇಕು. 1950ರ ದಶಕದ ಕೊನೆಯ ಕೊನಾಯ್ಡ್ ಸ್ಟುಡಿಯೋಕ್ಕೆ ಕೆಲವೇ ಅಂಗುಲ ದಪ್ಪದ, ಅಲೆಅಲೆಯಾದ ಕಾಂಕ್ರೀಟ್ ಚಿಪ್ಪಿನ ಚಾವಣಿ; ಒಳಗೆ ಒಂದು ಕಂಬವೂ ಇಲ್ಲ. 1967ರಲ್ಲಿ ಮುಗಿದ ಕಲಾಭವನದ ಚಾವಣಿ ಕುದುರೆಯ ಜೀನಿನಂತೆ ತಿರುಚಿಕೊಂಡದ್ದು, ಅದನ್ನು ಮಾಡಿದ್ದು ಪ್ಲೈವುಡ್ಡಿನಿಂದ. ಗೆಳೆಯ ಬೆನ್ ಶಾನ್ ಅವರ ಚಿತ್ರಗಳನ್ನಿಡಲು ಆ ಭವನ ಕಟ್ಟಿದರು. ಹೊರಗಿನ ಕೆಲಸವೂ ಕೆಲವಿತ್ತು: ಕ್ಯೋಟೋದ ಕತ್ಸುರಾದಲ್ಲಿ 1965ರ ಚರ್ಚ್, ನ್ಯೂ ಮೆಕ್ಸಿಕೋದ ಮರುಭೂಮಿಯ ಮಠ. ಎರಡರಲ್ಲೂ ಅವರು ಪೂರ್ತಿಯಾಗಿ ತೊಡಗಿಕೊಂಡರು. ಪೀಠ, ಬೆಂಚುಗಳ ತನಕ ತಾವೇ ನೋಡಿದರು.

ಭಾರತದ ನಂಟು 1964ರಲ್ಲಿ ಮತ್ತೆ ಕೂಡಿತು. ಅಹಮದಾಬಾದಿನಲ್ಲಿ 1961ರಲ್ಲಿ ಆರಂಭವಾಗಿದ್ದ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಅವರನ್ನು ಕರೆಸಿತು. ಸಂಸ್ಥೆಯ ಕಾರ್ಯಶಾಲೆಯಲ್ಲಿ ಅಲ್ಲಿನ ಬಡಗಿಗಳ ಜೊತೆ ಕೂತು, ಇಲ್ಲಿ ಸಿಗುವ ಮರಕ್ಕೂ ಇಲ್ಲಿನ ಕೈಗಳಿಗೂ ಒಗ್ಗುವ ಕುರ್ಚಿ, ಮೇಜು, ಬೆಂಚುಗಳ ಒಂದು ಸಾಲನ್ನೇ ರೂಪಿಸಿದರು. ಅವರು ಹೋದ ಮೇಲೂ ಸಂಸ್ಥೆ ಅವನ್ನು ಕೆಲವು ವರ್ಷ ತಯಾರಿಸಿತು. ಅದೇ ಕಾಲದಲ್ಲಿ ಜಪಾನಿನ ಶಿಕೋಕು ದ್ವೀಪದ ತಕಮತ್ಸುವಿನಲ್ಲಿ ಮಿಂಗುರೆನ್ ಎಂಬ ಕುಶಲಿಗರ ಬಳಗ ಹುಟ್ಟಿತ್ತು. ಕಾರ್ಖಾನೆಯ ಸರಕಿನ ನೆರೆಯಲ್ಲಿ ಊರಿನ ಕಸುಬುಗಳು ಕೊಚ್ಚಿಹೋಗದಂತೆ ತಡೆಯುವುದು ಬಳಗದ ಗುರಿ. ಶಿಲ್ಪಿ ಮಸಾಯುಕಿ ನಾಗಾರೆ ಅವರ ಆಹ್ವಾನದ ಮೇಲೆ ನಕಾಶಿಮಾ ಅದರೊಂದಿಗೆ ಸೇರಿದರು. ತಕಮತ್ಸುವಿನ ಸಕುರಾ ಕಾರ್ಯಶಾಲೆ ಅವರ ವಿನ್ಯಾಸಗಳನ್ನು ಮಾಡತೊಡಗಿತು. 1968ರಲ್ಲಿ ಟೋಕಿಯೋದಲ್ಲಿ ಪ್ರದರ್ಶನ ನಡೆಯಿತು. ತಂದೆ ತಾಯಿ ಬಿಟ್ಟು ಬಂದ ದೇಶಕ್ಕೆ ಮಗ ಈ ಸಲ ಕಲಿಸುವವರಾಗಿ ಹೋದರು.

ಅಮೆರಿಕದಲ್ಲಿ ಮನ್ನಣೆ ತಡವಾಗಿ ಬಂತೆಂದು ಹೇಳಲಾಗದು. ವಾಸ್ತುಶಿಲ್ಪಿಗಳ ರಾಷ್ಟ್ರೀಯ ಸಂಸ್ಥೆ 1952ರಲ್ಲೇ ಕುಶಲಕಲೆಯ ಚಿನ್ನದ ಪದಕ ಕೊಟ್ಟಿತ್ತು. ದೊಡ್ಡ ಕೆಲಸ ಬಂದದ್ದು 1973ರಲ್ಲಿ: ನೆಲ್ಸನ್ ರಾಕ್‌ಫೆಲರ್ ಅವರು ನ್ಯೂಯಾರ್ಕ್ ಬಳಿಯ ಪೊಕಾಂಟಿಕೋದಲ್ಲಿ ಕಟ್ಟಿಸಿದ ಜಪಾನಿ ಮಾದರಿಯ ಮನೆಗೆ ಸುಮಾರು 200 ಪೀಠೋಪಕರಣಗಳು ಬೇಕಾಗಿದ್ದವು. ಆ ಮನೆಯ ವಾಸ್ತುಶಿಲ್ಪಿ ಬೇರೆ ಯಾರೂ ಅಲ್ಲ, ಟೋಕಿಯೋ ಕಚೇರಿಯ ಹಳೆಯ ಗೆಳೆಯ ಜುಂಜೋ ಯೋಶಿಮುರಾ. 1981ರಲ್ಲಿ ನಕಾಶಿಮಾ ತಮ್ಮ ಬದುಕು ಕೆಲಸಗಳ ಬಗ್ಗೆ ‘ದಿ ಸೋಲ್ ಆಫ್ ಎ ಟ್ರೀ’ ಎಂಬ ಪುಸ್ತಕ ಪ್ರಕಟಿಸಿದರು. 1983ರಲ್ಲಿ ಜಪಾನಿನ ಚಕ್ರವರ್ತಿಯಿಂದ ಪವಿತ್ರ ನಿಧಿ ಗೌರವ ಬಂತು. ಒಂದು ಸರ್ಕಾರ ಜಪಾನಿ ಎಂದು ಕೂಡಿಹಾಕಿದವರನ್ನು ಇನ್ನೊಂದು ಸರ್ಕಾರ ಗೌರವಿಸಿತು.

1984ರಲ್ಲಿ ನ್ಯೂಯಾರ್ಕಿನ ಲಾಂಗ್ ಐಲೆಂಡಿನಿಂದ ಸುಮಾರು 300 ವರ್ಷದ ಕಪ್ಪು ಅಕ್ರೋಟಿನ ಒಂದು ಭಾರಿ ದಿಮ್ಮಿ ಅವರಿಗೆ ಸಿಕ್ಕಿತು. ಅಷ್ಟು ಅಗಲದ ಹಲಗೆಗಳನ್ನು ಯಾವ ಮನೆಗೂ ಕೊಡಬಾರದೆನಿಸಿ, ಪ್ರತಿ ಖಂಡದಲ್ಲೂ ಶಾಂತಿಗೆಂದು ಒಂದೊಂದು ಮೇಜು ಇರಿಸುವ ಯೋಜನೆ ಮಾಡಿದರು. ಯಾವ ಧರ್ಮದವರೂ ಸುತ್ತ ನೆರೆಯಬಹುದಾದ ಮೇಜು ಅದಾಗಬೇಕಿತ್ತು. ಮೊದಲನೆಯದನ್ನು 1986ರ ಡಿಸೆಂಬರ್ 31ರಂದು ನ್ಯೂಯಾರ್ಕಿನ ಸಂತ ಜಾನ್ ಕ್ಯಾಥಿಡ್ರಲ್‌ನಲ್ಲಿ ಶಾಂತಿಗಾಗಿ ನಡೆದ ಸಂಗೀತ ಕಚೇರಿಯ ದಿನ ಅರ್ಪಿಸಲಾಯಿತು. ಅವರ ಜೀವಿತದಲ್ಲಿ ಸ್ಥಾಪನೆಯಾದದ್ದು ಅದೊಂದೇ. ಏಷ್ಯಾದ ಮೇಜು 1996ರಲ್ಲಿ ತಮಿಳುನಾಡಿನ ಆರೋವಿಲ್‌ಗೆ ಬಂತು. ರಷ್ಯಾಕ್ಕೂ ಒಂದು ಹೋಯಿತು.

ಕೊನೆಯ ವರ್ಷಗಳಲ್ಲಿ ಅವರ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಸಂಗ್ರಹಿಸಿದ್ದ ಮನೆಯೊಂದು ಪ್ರಿನ್ಸ್‌ಟನ್‌ನಲ್ಲಿ ಬೆಂಕಿಗೆ ಆಹುತಿಯಾಯಿತು. ನೂರಕ್ಕೂ ಹೆಚ್ಚು ತುಂಡುಗಳು ಸುಟ್ಟುಹೋದವು. 80 ದಾಟಿದ್ದ ನಕಾಶಿಮಾ ಅವನ್ನೆಲ್ಲ ಮತ್ತೆ ಮಾಡಿಕೊಡಲು ಒಪ್ಪಿದರು. ಆ ಕೆಲಸ ಪೂರ್ತಿ ಮುಗಿಯುವ ಮೊದಲೇ, 1990ರ ಜೂನ್ 15ರಂದು, ನ್ಯೂ ಹೋಪ್‌ನಲ್ಲಿ ತೀರಿಕೊಂಡರು. ಕಾರ್ಯಶಾಲೆಯ ಹೊಣೆ ಮಿನಿಡೋಕಾಕ್ಕೆ ಹಸುಗೂಸಾಗಿ ಹೋಗಿದ್ದ ಮಗಳು ಮೀರಾ ಅವರ ಮೇಲೆ ಬಂತು. ಹಾರ್ವರ್ಡ್ ಮತ್ತು ಟೋಕಿಯೋದ ವಾಸೆದಾ ವಿಶ್ವವಿದ್ಯಾಲಯಗಳಲ್ಲಿ ವಾಸ್ತುಶಿಲ್ಪ ಓದಿದ್ದ ಅವರು 1970ರಿಂದ ತಂದೆಯ ಜೊತೆಯಲ್ಲೇ ದುಡಿದವರು. ತಂದೆ ಹೋದ ಮೇಲೆ ಬೇಡಿಕೆ ಪತ್ರಗಳನ್ನು ವಾಪಸ್ ಪಡೆದ ಗಿರಾಕಿಗಳಿದ್ದರು. ಬಡಗಿಗಳ ತಂಡ ಬಿಟ್ಟುಹೋಗಲಿಲ್ಲವಾದ್ದರಿಂದ ಕೆಲಸ ನಿಲ್ಲಲಿಲ್ಲ.

ಹಳೆಯ ತುಂಡುಗಳ ಬೆಲೆ ಆಮೇಲೆ ಏರುತ್ತಲೇ ಹೋಯಿತು. ಅವರ ಕೊನೆಯ ವರ್ಷಗಳ ಒಂದು ಮೇಜು 2006ರ ಹರಾಜಿನಲ್ಲಿ 8 ಲಕ್ಷ ಡಾಲರಿಗೂ ಹೆಚ್ಚಿಗೆ ಹೋಯಿತು. ಅಂಚು ಕೊಯ್ಯದ ಮೇಜುಗಳ ಫ್ಯಾಷನ್ನೂ ಹಬ್ಬಿ, ಈಗ ಬೆಂಗಳೂರಿನ ಕಾಫಿ ಅಂಗಡಿಗಳಲ್ಲೂ ಅಂಥ ಹಲಗೆಗಳನ್ನು ಕಾಣಬಹುದು. ಬಹಳ ಕಡೆ ಬಿರುಕಿಗೆ ಬಣ್ಣದ ರಾಳ ಸುರಿದು ಗಾಜಿನಂತೆ ಮಾಡಿರುತ್ತಾರೆ. ನಕಾಶಿಮಾ ಅವರಿಂದ ಬಂದದ್ದು ಇಲ್ಲಿ ಅಂಚಿನ ಆಕಾರ ಮಾತ್ರ. ದಿಮ್ಮಿಯನ್ನು ಓದಿ ಸೀಳುವುದು, ವರ್ಷಗಟ್ಟಲೆ ಒಣಗಿಸುವುದು, ಬಿರುಕು ಮುಂದೆ ಎತ್ತ ಹೋಗುವುದೆಂದು ತಿಳಿದು ಅಡ್ಡಗಟ್ಟುವುದು ಇವೆಲ್ಲ ಇಲ್ಲದೆ ಆ ಅಂಚಿಗೆ ಅರ್ಥ ಕಡಿಮೆ.

ನ್ಯೂ ಹೋಪ್‌ನ ಮನೆ, ಕಾರ್ಯಶಾಲೆ, ಭವನಗಳೆಲ್ಲ ಸೇರಿದ ಆವರಣವನ್ನು 2014ರಲ್ಲಿ ಅಮೆರಿಕ ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂದು ಘೋಷಿಸಿತು. ಕಾರ್ಯಶಾಲೆ ಅದರೊಳಗೆ ನಡೆಯುತ್ತಲೇ ಇದೆ. ನಕಾಶಿಮಾ ಬದುಕಿದ್ದಾಗ ಕೊಂಡು, ಸೀಳಿಸಿ, ಅನುಕ್ರಮ ತಪ್ಪದಂತೆ ಪೇರಿಸಿಟ್ಟ ಹಲಗೆಗಳು ಅವರ ನಂತರವೂ ದಶಕಗಟ್ಟಲೆ ಅಲ್ಲಿನ ಬಡಗಿಗಳ ಕೆಲಸಕ್ಕೆ ಒದಗಿದವು.